ಕೂಸು ತೊಟ್ಟಿಲಲ್ಲಿ, ತಾಯಿ ಶಾಲೆಯಲ್ಲಿ



ಹುಡುಗಿ ಎಂಟನೇ ಕ್ಲಾಸು ಮುಗಿಸುತ್ತಾಳೆ. ಮೈನೆರೆಯುತ್ತಾಳೆ. ಆಗ ಮನೆಯಲ್ಲಿ ಮಾತು ಶುರುವಾಗುತ್ತದೆ.

"ಹೈಸ್ಕೂಲು ದೂರ. ದಾರೀಲಿ ಏನಾದ್ರೂ ಆದ್ರೆ? ಒಳ್ಳೆ ಸಂಬಂಧ ಬಂದೈತೆ. ಮಾಡಿ ಮುಗಿಸೋಣ."

ನಮ್ಮ ದೊಡ್ಡೇರಿ ಕಡೆ ಈ ಮಾತು ಹೊಸದಲ್ಲ. ಮಗಳಿಗೆ ಕೆಟ್ಟದಾಗಲಿ ಎಂದು ಯಾವ ತಾಯಿಯೂ ಹೀಗೆ ಹೇಳುವುದಿಲ್ಲ. ಭಯದಿಂದ ಹೇಳುತ್ತಾಳೆ. ಆದರೆ ಮುಂದೆ ಏನಾಗುತ್ತದೆ? ನೋಡೋಣ.

ಮೈ ಬಲಿಯುವ ಮುಂಚೆ ಬಸಿರು

2019–21ರಲ್ಲಿ ದೇಶದಲ್ಲಿ ಕುಟುಂಬ ಆರೋಗ್ಯ ಸಮೀಕ್ಷೆ ನಡೆಯಿತು. ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ 100 ಹೆಂಗಸರಲ್ಲಿ ಸುಮಾರು 21 ಜನಕ್ಕೆ 18 ತುಂಬುವ ಮೊದಲೇ ಮದುವೆ ಆಗಿತ್ತು.

ಎಳೆ ಹುಡುಗಿಯ ಸೊಂಟದ ಮೂಳೆ ಪೂರ್ತಿ ಬೆಳೆದಿರುವುದಿಲ್ಲ. ಹೆರಿಗೆ ಕಷ್ಟವಾಗಬಹುದು. ರಕ್ತ ಕಡಿಮೆ ಇರುತ್ತದೆ. ಬಿ.ಪಿ. ಏರಿ ಫಿಟ್ಸ್ ಬರಬಹುದು. ಕೂಸಿನ ತೂಕವೂ ಕಡಿಮೆ ಆಗಬಹುದು. ತಾಯಿ, ಕೂಸು ಇಬ್ಬರ ಜೀವಕ್ಕೂ ಅಪಾಯ.

ಕಾನೂನು ಏನು ಹೇಳುತ್ತದೆ?

ಹುಡುಗಿಗೆ 18 ತುಂಬಬೇಕು. ಹುಡುಗನಿಗೆ 21 ತುಂಬಬೇಕು. ಅದಕ್ಕೆ ಮೊದಲು ಮದುವೆ ಮಾಡಿದರೆ ಅಪರಾಧ. ಕರ್ನಾಟಕದಲ್ಲಿ 2017ರಿಂದ ಅಂಥ ಮದುವೆ ಕಾನೂನಿನ ಕಣ್ಣಿಗೆ ಮದುವೆಯೇ ಅಲ್ಲ.

18 ತುಂಬದ ಹುಡುಗಿಯನ್ನು ಯಾರಾದರೂ ಕೆಡಿಸಿದರೆ ಅದು 2012ರ ಪೋಕ್ಸೋ ಕಾಯ್ದೆಯಂತೆ ಅಪರಾಧ. "ಅವಳೇ ಒಪ್ಪಿದ್ಲು" ಎಂಬ ಮಾತು ನಡೆಯುವುದಿಲ್ಲ. ತಪ್ಪು ಹುಡುಗಿಯದಲ್ಲ. ಅವಳನ್ನು ಬೈಯಬೇಡಿ, ಬಚ್ಚಿಡಬೇಡಿ. ಬೇಗ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

1098ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಎತ್ತುತ್ತಾರೆ. ದುಡ್ಡಿಲ್ಲ.

ತಾಯಿಯಾದವಳು ಓದಬಹುದಾ?

ಓದಬಹುದು. ಮದುವೆಯಾದವಳು, ಹೆತ್ತವಳು ಶಾಲೆಗೆ ಬರಬಾರದು ಎಂದು ಯಾವ ಕಾನೂನಿನಲ್ಲೂ ಇಲ್ಲ.

ಮೊದಲು ಅವಳು ಓದಿದ ಶಾಲೆಯ ಹೆಡ್‌ಮಾಸ್ಟರನ್ನು ನೋಡಿ. ತಾಯಿ ಜೊತೆಗೇ ಹೋಗಲಿ. ಹುಡುಗಿಗೆ ಧೈರ್ಯ ಬರುತ್ತದೆ. ಅಲ್ಲಿ ಕೆಲಸ ಆಗದಿದ್ದರೆ ಮಧುಗಿರಿಯ ಬಿ.ಇ.ಓ. ಆಫೀಸಿಗೆ ಅರ್ಜಿ ಕೊಡಿ.

ದಿನಾ ಶಾಲೆಗೆ ಹೋಗಲು ಆಗದಿದ್ದರೆ? ರಾಷ್ಟ್ರೀಯ ಮುಕ್ತ ಶಾಲೆ ಇದೆ. 14 ತುಂಬಿದವರು ಅಲ್ಲಿ ಹತ್ತನೇ ಕ್ಲಾಸಿಗೆ ಸೇರಬಹುದು. ಐದು ವಿಷಯ ಪಾಸಾಗಬೇಕು. ಎಲ್ಲ ಒಂದೇ ಸಲ ಬರೆಯಬೇಕಿಲ್ಲ. ಐದು ವರ್ಷ ಸಮಯ ಇರುತ್ತದೆ.

ಕೂಸಿನ ಗತಿ ಏನು?

ಆರು ತಿಂಗಳು ಕೂಸಿಗೆ ತಾಯಿ ಹಾಲೇ ಸಾಕು. ಅಲ್ಲೀತನಕ ಮನೆಯಲ್ಲೇ ಪುಸ್ತಕ ಓದಲಿ. ಪರೀಕ್ಷೆಯ ದಿನ ಹಾಲು ಹಿಂಡಿ, ಶುಚಿಯಾದ ಬಟ್ಟಲಲ್ಲಿ ಮುಚ್ಚಿ, ತಣ್ಣನೆ ಜಾಗದಲ್ಲಿ ಇಡಬಹುದು. ನಾಲ್ಕು ಗಂಟೆಯೊಳಗೆ ಅಜ್ಜಿ ಒಳಲೆಯಲ್ಲಿ ಕುಡಿಸಲಿ.

ಇನ್ನೊಂದು ಬಸಿರು ಬೇಗ ನಿಂತರೆ ಓದು ಮತ್ತೆ ನಿಲ್ಲುತ್ತದೆ. ನಿರೋಧ್, ವಂಕಿ, ಚುಚ್ಚುಮದ್ದು ಇವೆ. ಆಶಾ ಅಕ್ಕನನ್ನು ಕೇಳಿ. ಗಂಡನೂ ಕೇಳಿ ತಿಳಿಯಲಿ.

"ಸೊಸೆ ಶಾಲೆಗೆ ಹೋದ್ರೆ ಜನ ನಗ್ತಾರೆ" ಎಂದು ಅತ್ತೆ ಹೇಳಬಹುದು. ನಗುವ ಜನ ಕೂಲಿ ಇಲ್ಲದ ದಿನ ರಾಗಿ ತಂದು ಕೊಡುವುದಿಲ್ಲ. ಓದಿದ ಸೊಸೆ ಮನೆಗೆ ಆಸರೆ ಆಗುತ್ತಾಳೆ.

ನಾವು ಏನು ಮಾಡೋಣ?

ದಾರಿಯ ಭಯ ಸುಳ್ಳಲ್ಲ. ಅದಕ್ಕೆ ಮದುವೆ ಮದ್ದಲ್ಲ. ಒಂದೇ ಊರಿನ ಹುಡುಗಿಯರು ಗುಂಪಾಗಿ ಹೋಗಲಿ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಬಸ್ಸು ಬಾರದ ಊರಿನವರು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಹತ್ತು ಜನ ಸಹಿ ಹಾಕಿ ಅರ್ಜಿ ಕೊಡಿ. ಈಗ ನಿಮಗೆ ಸಹಿ ಬರುತ್ತದೆ!

ಮಾತಾಡಿ, ಬರೆಯಿರಿ

1. ನಿಮ್ಮ ಊರಲ್ಲಿ ಶಾಲೆ ಬಿಟ್ಟ ಹುಡುಗಿಯರು ಎಷ್ಟು ಜನ? ಯಾಕೆ ಬಿಟ್ಟರು?
2. ಅವರಲ್ಲಿ ಒಬ್ಬಳ ಮನೆಗೆ ಈ ವಾರ ಯಾರು ಹೋಗುತ್ತೀರಿ?
3. ಈ ಪದಗಳನ್ನು ಬರೆಯಿರಿ: ಮಗಳು, ಶಾಲೆ, ಹದಿನೆಂಟು, ಅರ್ಜಿ.
4. 1098 — ಈ ನಂಬರನ್ನು ಮನೆಯ ಗೋಡೆಯ ಮೇಲೆ ಬರೆಯಿರಿ.