ಕಂಡಕ್ಟರರ ವೇಬಿಲ್ಲು ಮತ್ತು ರೈತನ ಲೆಕ್ಕದ ಪುಸ್ತಕ



ಬೀಜ, ಗೊಬ್ಬರ, ಔಷಧಿಗಳ ವಿಚಾರವನ್ನು ಈ ಪತ್ರಿಕೆಯಲ್ಲಿ ನೀವು ಪದೇ ಪದೇ ಓದಿದ್ದೀರಿ. ಈ ಸಲದ ಪಾಠ ಲೆಕ್ಕದ್ದು. ಲೆಕ್ಕವೆಂದೊಡನೆ ಪುಟ ಮಗುಚಬೇಡಿ. ಇದನ್ನು ಕಲಿಸತಕ್ಕ ಮೇಷ್ಟರು ದಿನಕ್ಕೆ ಎರಡು ಮೂರು ಸಲ ನಮ್ಮ ಊರ ಬಾಗಿಲಿಗೇ ಬಂದು ಹೋಗುತ್ತಾರೆ. ಹೆಗಲಲ್ಲಿ ಹಣದ ಚೀಲ, ಕೈಯಲ್ಲಿ ಟಿಕೇಟಿನ ಯಂತ್ರ. ಅವರೇ ನಮ್ಮ ಬಸ್ಸಿನ ಕಂಡಕ್ಟರು.

ಕೆಲಸದ ನಿಮಿತ್ತ ಹಳ್ಳಿಯಿಂದ ಹಳ್ಳಿಗೆ ನಾನು ಬಸ್ಸಿನಲ್ಲಿಯೇ ತಿರುಗುವವನು. ಕೃಷಿ ಡಿಪ್ಲೊಮಾ ಓದುವಾಗ ಬೇಸಾಯದ ಖರ್ಚಿನ ಲೆಕ್ಕವನ್ನು ನಮಗೆ ಕಲಿಸಿದ್ದರು. ಆದರೆ ಅದನ್ನು ಹೊಲದಲ್ಲಿ ನಿಂತವರಿಗೆ ಹೇಗೆ ಹೇಳಬೇಕೆಂಬುದು ನನಗೆ ಹೊಳೆದದ್ದು ಕಂಡಕ್ಟರರ ಪಕ್ಕದ ಸೀಟಿನಲ್ಲಿ.

1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆಯ ಬಸ್ಸುಗಳು ಹೊರಟವು. 1961ರ ಆಗಸ್ಟ್ 1ರಂದು ಅದು ನಿಗಮವಾಯಿತು. ಈಗ ಒಂದು ನಿಗಮವಿದ್ದದ್ದು ನಾಲ್ಕಾಗಿದೆ. ಬಸ್ಸಿನ ಬಣ್ಣ ಬದಲಾಯಿತು, ಟಿಕೇಟಿನ ಕಟ್ಟು ಹೋಗಿ ಯಂತ್ರ ಬಂತು. ಬದಲಾಗದೆ ಉಳಿದದ್ದು ಒಂದು ಪದ್ಧತಿ. ಬಂದ ಪ್ರತಿಯೊಂದು ರೂಪಾಯಿಯೂ ಎಲ್ಲಿಂದ ಬಂತೆಂದು ಅದೇ ದಿನ ಡಿಪೋದಲ್ಲಿ ತೋರಿಸಬೇಕು. ಈ ಲೆಕ್ಕದ ಹಾಳೆಗೆ ವೇಬಿಲ್ಲು ಎಂದು ಹೆಸರು.

ಸ್ವಂತ ಹಣ ಬೇರೆ, ಚೀಲದ ಹಣ ಬೇರೆ

ಕಂಡಕ್ಟರು ಡ್ಯೂಟಿಗೆ ಹತ್ತುವ ಮೊದಲು ತಮ್ಮ ಜೇಬಿನಲ್ಲಿರುವ ಸ್ವಂತ ಹಣ ಎಷ್ಟೆಂದು ಬರೆದಿಡಬೇಕು. ಊಟಕ್ಕೆಂದು ಮನೆಯಿಂದ ತಂದ ನೂರು ರೂಪಾಯಿಯಾದರೂ ಸರಿಯೇ. ದಾರಿಯಲ್ಲಿ ತನಿಖೆಯವರು ಹತ್ತಿದರೆ ಟಿಕೇಟಿನ ಮೊತ್ತವನ್ನೂ ಚೀಲದ ಹಣವನ್ನೂ ತಾಳೆ ಹಾಕುತ್ತಾರೆ. ಕಡಿಮೆಯಿದ್ದರೆ ತಪ್ಪು ಎಂಬುದು ಯಾರಿಗೂ ಗೊತ್ತು. ಹೆಚ್ಚಿಗೆ ಇದ್ದರೂ ತಪ್ಪೇ! ಏತಕ್ಕೆ? ಹೆಚ್ಚಿಗೆ ಇದೆಯೆಂದರೆ ಯಾರಿಂದಲೋ ಹಣ ಪಡೆದು ಟಿಕೇಟು ಕೊಟ್ಟಿಲ್ಲ, ಇಲ್ಲವೇ ಯಾರದೋ ಚಿಲ್ಲರೆ ಹಿಂದಿರುಗಿಸಿಲ್ಲ ಎಂಬ ಅನುಮಾನ ಹುಟ್ಟುತ್ತದೆ.

ಈಗ ನಮ್ಮ ಮನೆಯ ಪೆಟ್ಟಿಗೆಯನ್ನು ನೋಡೋಣ. ಡೇರಿಯ ಬಟವಾಡೆ ಅದೇ ಪೆಟ್ಟಿಗೆಗೆ. ರೇಷ್ಮೆಗೂಡು ಮಾರಿದ ಹಣ ಅದೇ ಪೆಟ್ಟಿಗೆಗೆ. ಸಹಕಾರ ಸಂಘದ ಬೆಳೆ ಸಾಲವೂ ಅದಕ್ಕೇ. ಗೌರಿ ಹಬ್ಬದ ಸೀರೆ, ಅಳಿಯನಿಗೆ ಉಡುಗೊರೆ, ಮೇಲುಗೊಬ್ಬರದ ಯೂರಿಯಾ, ಇವಿಷ್ಟೂ ಹೊರಡುವುದು ಅದೇ ಪೆಟ್ಟಿಗೆಯಿಂದ. ಮೇಲುಗೊಬ್ಬರ ಕೊಡುವ ಹೊತ್ತಿಗೆ ಪೆಟ್ಟಿಗೆ ಬರಿದಾದರೆ ಅಂಗಡಿಯವರಲ್ಲಿ ಉದ್ದರಿ, ಉದ್ದರಿಗೆ ಹೆಚ್ಚು ಬೆಲೆ. ಬೆಳೆ ಸಾಲದ ವಾಯಿದೆ ತಪ್ಪಿದರೆ ಬಡ್ಡಿಯ ರಿಯಾಯಿತಿಯೂ ಕೈಬಿಡುತ್ತದೆ. ಏಕೆಂದರೆ ಅದು ವಾಯಿದೆಯೊಳಗೆ ಕಟ್ಟಿದವರಿಗೆ ಮಾತ್ರ. ಬೆಳೆ ಚೆನ್ನಾಗಿ ಬಂದ ವರ್ಷವೂ ಸಾಲ ತೀರದಿರುವ ಮನೆಗಳನ್ನು ನಾನು ಕಂಡಿದ್ದೇನೆ. ಹೊಲದಲ್ಲಿ ದೋಷವಿರಲಿಲ್ಲ.

ಇದನ್ನು ಒಂದು ಊರಿನ ಸಭೆಯಲ್ಲಿ ಹೇಳಿದಾಗ ಹಿರಿಯರೊಬ್ಬರು, “ಏನ್ ಸ್ವಾಮಿ, ನಮ್ಮ ಮನೆ ದುಡ್ಡಿಗೆ ನಾವೇ ಯಾರಿಗೆ ಲೆಕ್ಕ ಒಪ್ಪಿಸೋಣ?” ಎಂದು ಕೇಳಿದರು. ಪಕ್ಕದಲ್ಲಿದ್ದ ಅವರ ಮನೆಯಾಕೆ, “ನನಗೆ ಒಪ್ಪಿಸಿ” ಎಂದರು. ಸಭೆಗೆ ಸಭೆಯೇ ನಕ್ಕಿತು. ಆದರೆ ಆ ತಾಯಿ ಹೇಳಿದ್ದೇ ಸರಿ. ತನಿಖೆಯವರು ಮನೆಯೊಳಗೇ ಒಬ್ಬರಿರಬೇಕು. ಬೇಸಾಯದ ಹಣಕ್ಕೆ ಬೇರೊಂದು ಡಬ್ಬಿಯಿಡಿ, ಸಾಧ್ಯವಾದರೆ ಬೇರೊಂದು ಬ್ಯಾಂಕು ಖಾತೆ. ಮನೆ ಖರ್ಚಿಗೆ ಅದರಿಂದ ತೆಗೆಯಲೇಬಾರದೆಂದಲ್ಲ. ತೆಗೆದದ್ದನ್ನು ‘ಮನೆಗೆ’ ಎಂದು ಬರೆದು ತೆಗೆಯಿರಿ.

ಸ್ಟೇಜಿನಲ್ಲೇ ಬರೆಯುವುದು

ಟಿಕೇಟಿನ ಕಟ್ಟುಗಳಿದ್ದ ಕಾಲದಲ್ಲಿ ಪ್ರತಿ ಸ್ಟೇಜು ಬಂದಾಗ ಕಂಡಕ್ಟರು ದೀಪದ ಕೆಳಗೆ ಹಾಳೆ ಹಿಡಿದು, ಪ್ರತಿಯೊಂದು ದರದ ಟಿಕೇಟು ಯಾವ ನಂಬರಿನವರೆಗೆ ಹರಿದಿದೆಯೆಂದು ಬರೆದುಕೊಳ್ಳುತ್ತಿದ್ದರು. ಮುಂದಿನ ಸ್ಟೇಜಿನ ಜನ ಹತ್ತುವುದರೊಳಗೆ ಹಿಂದಿನದು ಮುಗಿದಿರಬೇಕು. ರಾತ್ರಿ ಡಿಪೋಕ್ಕೆ ಹೋಗಿ ನೆನಪಿನಿಂದ ಬರೆಯೋಣವೆಂದರೆ ನೂರಾರು ಜನರ ಲೆಕ್ಕ ಯಾರಿಗೆ ನೆನಪಿದ್ದೀತು? ಈಗ ಆ ಕೆಲಸವನ್ನು ಯಂತ್ರ ಮಾಡುತ್ತದೆ.

ಬೇಸಾಯಕ್ಕೂ ಸ್ಟೇಜುಗಳಿವೆ. ಉಳುಮೆ, ಬಿತ್ತನೆ, ಕಳೆ, ಮೇಲುಗೊಬ್ಬರ, ಔಷಧಿ, ಕಟಾವು, ಒಕ್ಕಣೆ, ಸಾಗಣೆ. ಒಂದು ಮುಗಿದ ಸಂಜೆಯೇ ಅದರ ಕೂಲಿ, ಟ್ರಾಕ್ಟರಿನ ಬಾಡಿಗೆ, ಆಳುಗಳ ಊಟದ ಖರ್ಚನ್ನು ಬರೆದುಬಿಡಿ. ಯುಗಾದಿಗೆ ಒಟ್ಟಿಗೆ ಬರೆಯುತ್ತೇನೆಂದವರ ಪುಸ್ತಕದಲ್ಲಿ ಸಾಮಾನ್ಯವಾಗಿ ದೊಡ್ಡ ಖರ್ಚುಗಳು ಮಾತ್ರ ಇರುತ್ತವೆ. ಸಣ್ಣವು ಮರೆತುಹೋಗಿರುತ್ತವೆ. ಹಾಗೆ ಮರೆತವನ್ನೆಲ್ಲ ಕೂಡಿಸಿದರೆ ಒಮ್ಮೊಮ್ಮೆ ದೊಡ್ಡದನ್ನೂ ಮೀರುತ್ತದೆ.

ಚಿಲ್ಲರೆಯ ಪದ್ಧತಿಯನ್ನೂ ಗಮನಿಸಿ. ಅಜ್ಜಿಯೊಬ್ಬರು ಎಪ್ಪತ್ತು ರೂಪಾಯಿಯ ಲಗೇಜಿಗೆ ಐನೂರರ ನೋಟು ಕೊಟ್ಟರೆ ಕಂಡಕ್ಟರು, “ಇಳಿಯೋವಾಗ ಇಸ್ಕೊ ಅಜ್ಜಿ” ಎಂದು ಟಿಕೇಟಿನ ಹಿಂದೆ ಬಾಕಿಯನ್ನು ಬರೆದುಕೊಡುತ್ತಾರೆ. ಕೊಡತಕ್ಕವರೇ ಬರೆದು, ಪಡೆಯತಕ್ಕವರ ಕೈಗೆ ಚೀಟಿ ಕೊಡುವುದು ಎಷ್ಟು ಒಳ್ಳೆಯ ಪದ್ಧತಿ! ನಾವು ಅಣ್ಣತಮ್ಮಂದಿರಲ್ಲಿ, ನೆರೆಯವರಲ್ಲಿ ಮಾಡುವ ಕೈಸಾಲಕ್ಕೂ ಮುಯ್ಯಾಳಿನ ಲೆಕ್ಕಕ್ಕೂ ಇಷ್ಟು ಚೀಟಿ ಸಾಕು. ಬರೆದರೆ ಅಪನಂಬಿಕೆಯೆಂದು ತಿಳಿಯುವವರುಂಟು. ಬರೆಯದ ಬಾಕಿಯಿಂದ ಮಾತು ಬಿಟ್ಟವರು ನಮ್ಮೂರುಗಳಲ್ಲಿ ಎಷ್ಟು ಮಂದಿಯೆಂಬುದನ್ನು ನೀವೇ ಎಣಿಸಿ.

ಸೊನ್ನೆ ರೂಪಾಯಿಯ ಟಿಕೇಟು

ಈ ಭಾಗವನ್ನು ಮನೆಯ ಹೆಂಗಸರಿಗೂ ಓದಿ ಹೇಳಬೇಕೆಂದು ನನ್ನ ಕೋರಿಕೆ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಂತೆ ನಮ್ಮ ರಾಜ್ಯದ ಮಹಿಳೆಯರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ಹಣ ಕೊಡುವುದಿಲ್ಲವೆಂದು ಕಂಡಕ್ಟರು ಅವರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಪ್ರತಿಯೊಬ್ಬರಿಗೂ ಶೂನ್ಯ ದರದ ಟಿಕೇಟು ಕೊಡಲೇಬೇಕು. ಆ ಟಿಕೇಟುಗಳ ಲೆಕ್ಕದ ಮೇಲೆಯೇ ಸರ್ಕಾರದಿಂದ ನಿಗಮಕ್ಕೆ ಹಣ ಸಲ್ಲಬೇಕು. ಟಿಕೇಟು ಹರಿಯದಿದ್ದರೆ ಅಷ್ಟು ಜನರನ್ನು ಬಸ್ಸು ಹೊತ್ತದ್ದೇ ಸುಳ್ಳಾಗಿಬಿಡುತ್ತದೆ.

ನಮ್ಮ ಹೊಲದಲ್ಲಿ ಹಾಗೆಯೇ ಲೆಕ್ಕಕ್ಕೆ ಸಿಕ್ಕದೆ ದುಡಿಯುವವರು ಯಾರು? ಕಳೆ ಕೀಳುವ ಹೆಂಡತಿ, ಸಂಜೆ ಹಸುವಿಗೆ ಹುಲ್ಲು ತರುವ ಸೊಸೆ, ರಜೆಯಲ್ಲಿ ನೀರು ಕಟ್ಟುವ ಮಗ, ಹಗಲಿರುಳು ದುಡಿಯುವ ನೀವು. ಕೊಟ್ಟಿಗೆಯ ಗೊಬ್ಬರ, ಕಣಜದಲ್ಲಿಟ್ಟ ಬೀಜ, ಮನೆಯ ಎತ್ತು ಇವೂ ಸೇರಿದವು. ಇವುಗಳಿಗೆ ಹಣ ಕೊಡಲಿಲ್ಲ, ನಿಜ. ಆದರೆ ಅವು ಪುಕ್ಕಟೆಯಲ್ಲ. ಅದೇ ದಿನ ಆಕೆ ನೆರೆಯವರ ಹೊಲಕ್ಕೆ ಹೋಗಿದ್ದರೆ ಕೂಲಿ ಬರುತ್ತಿತ್ತು. ಅದೇ ಗೊಬ್ಬರವನ್ನು ತೋಟದವರು ಬೆಲೆ ಕೊಟ್ಟು ಒಯ್ಯುತ್ತಿದ್ದರು.

ಆದುದರಿಂದ ಪುಸ್ತಕದಲ್ಲಿ ಇನ್ನೊಂದು ಕಲಮು ಹಾಕಿ, ‘ಮನೆಯದು’ ಎಂದು ಹೆಸರಿಡಿ. ಯಾರು ಎಷ್ಟು ದಿನ ದುಡಿದರು, ಊರಿನ ಕೂಲಿಯ ದರದಂತೆ ಎಷ್ಟಾಯಿತು ಎಂದು ಬರೆಯಿರಿ. ದೆಹಲಿಯಲ್ಲಿ ಬೆಂಬಲ ಬೆಲೆಗೆ ಶಿಫಾರಸು ಮಾಡುವ ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗವೂ (1965ರಲ್ಲಿ ಇದು ಕೃಷಿ ಬೆಲೆಗಳ ಆಯೋಗವೆಂದು ಆರಂಭವಾಯಿತು) ಕೈಯಿಂದ ಕೊಟ್ಟ ಖರ್ಚಿನ ಜೊತೆಗೆ ಮನೆಯವರ ದುಡಿಮೆಯ ಬೆಲೆಯನ್ನೂ ಕೂಡಿಸಿ ಲೆಕ್ಕ ಹಾಕುತ್ತದೆ. ಆಯೋಗ ಎಣಿಸುವ ದುಡಿಮೆಯನ್ನು ನಾವೇ ಎಣಿಸದಿದ್ದರೆ ಹೇಗೆ?

ಈ ಕಲಮನ್ನು ತುಂಬಿದ ಮೇಲೆ ಕೆಲವರಿಗೆ ಬೇಸರವಾಗಬಹುದು. ಲಾಭವೆಂದು ತಿಳಿದಿದ್ದದ್ದು ಮನೆಯವರ ಕೂಲಿಗಿಂತ ಕಡಿಮೆಯೆಂದು ಕಾಣಬಹುದು. ಬೇಸರವಾದರೂ ಸರಿ, ತಿಳಿದಿರುವುದು ಲೇಸು.

ಖಾಲಿ ಸೀಟು ಮತ್ತು ಟೊಮೇಟೊ

ಕಂಡಕ್ಟರು ಬಾಗಿಲಲ್ಲಿ ನಿಂತು ಮುಂದಿನ ಊರಿಗೆ ಹೋಗುವ ಒಬ್ಬನೇ ಒಬ್ಬನನ್ನೂ ಕರೆಯುವುದೇಕೆ? ಬಸ್ಸು ಹೇಗಿದ್ದರೂ ಹೋಗುತ್ತದೆ. ಡೀಸೆಲ್ಲು ಹೇಗಿದ್ದರೂ ಉರಿಯುತ್ತದೆ. ಇಂದಿನ ಖಾಲಿ ಸೀಟನ್ನು ನಾಳೆ ಮಾರಲಾಗದು. ಆದ್ದರಿಂದ ಹೊರಟ ಬಸ್ಸಿಗೆ ಬಂದ ಹತ್ತು ರೂಪಾಯಿಯೂ ಬಂದಂತೆಯೇ. ಆದರೆ ಡಿಪೋದವರು ‘ಈ ಟ್ರಿಪ್ಪಿಗೆ ಎಷ್ಟು ಬೀಳುತ್ತದೆ?’ ಎಂದು ನೋಡುವಾಗ ಲೆಕ್ಕ ಬೇರೆ. ಡೀಸೆಲ್ಲು, ಟಯರು, ಸಂಬಳ, ರಿಪೇರಿ ಎಲ್ಲವನ್ನೂ ಕಿಲೋಮೀಟರಿಗೆ ಇಷ್ಟೆಂದು ಹಂಚಿ, ಕಿಲೋಮೀಟರಿನ ಗಳಿಕೆಯೊಡನೆ ಹೋಲಿಸುತ್ತಾರೆ. (ಗಳಿಕೆ ಸಾಲದಿದ್ದರೂ ಹಳ್ಳಿಯ ಜನರಿಗೆ ಬೇಕೆಂದು ಓಡಿಸುವ ಟ್ರಿಪ್ಪುಗಳುಂಟು. ನಮ್ಮ ಬೆಳೆಗೆ ಆ ಅನುಕೂಲವಿಲ್ಲ.)

ಎರಡು ಲೆಕ್ಕವೂ ಸರಿ. ಯಾವುದನ್ನು ಎಲ್ಲಿ ಹಾಕಬೇಕೆಂಬುದನ್ನು ತಿಳಿಯಬೇಕು. ಟೊಮೇಟೊವನ್ನೇ ತೆಗೆದುಕೊಳ್ಳಿ. ಕೋಲಾರದ ಮಾರುಕಟ್ಟೆಯಲ್ಲಿ ಇದು 15 ಕಿಲೋ ಹಿಡಿಯುವ ಬಾಕ್ಸಿನ ಲೆಕ್ಕದಲ್ಲಿ ಹರಾಜಾಗುತ್ತದೆ. ಕೆಳಗಿನ ಅಂಕಿಗಳು ಪಾಠಕ್ಕೆಂದು ಹಿಡಿದವು. ನಿಮ್ಮವನ್ನು ನೀವು ಹಾಕಿಕೊಳ್ಳಿ.

ಸಸಿ, ಗೊಬ್ಬರ, ಔಷಧಿ, ಕೋಲು, ದಾರ, ಆಳು ಎಲ್ಲ ಸೇರಿ ಬಾಕ್ಸಿಗೆ 120 ರೂಪಾಯಿ ಆಗಲೇ ಖರ್ಚಾಗಿದೆಯೆನ್ನಿ. ಹೊಲದಲ್ಲಿ ಇನ್ನೂ 200 ಬಾಕ್ಸಿನ ಹಣ್ಣು ಇದೆ. ಬಿಡಿಸುವ ಕೂಲಿ ಬಾಕ್ಸಿಗೆ 25, ಗಾಡಿ ಬಾಡಿಗೆ 20, ಇಳಿಸುವುದು ಇತ್ಯಾದಿ 10, ಒಟ್ಟು 55 ರೂಪಾಯಿ ಇನ್ನು ಮುಂದೆ ಆಗತಕ್ಕ ಖರ್ಚು. ಇಂದಿನ ಧಾರಣೆ 80. ಎಷ್ಟೋ ಜನ ‘ನನಗೆ ಬಿದ್ದಿರುವುದೇ 175, 80ಕ್ಕೆ ಯಾರು ಕೊಡುತ್ತಾರೆ’ ಎಂದು ಸಿಟ್ಟಿನಿಂದ ಹಣ್ಣನ್ನು ಹೊಲದಲ್ಲೇ ಬಿಡುತ್ತಾರೆ. ಸಿಟ್ಟು ನ್ಯಾಯವೇ. ಆದರೆ ಆ 120 ರೂಪಾಯಿ ಬಿಡಿಸಿದರೂ ಹೋಗಿದೆ, ಬಿಟ್ಟರೂ ಹೋಗಿದೆ. ಬಸ್ಸು ಆಗಲೇ ಹೊರಟಿದೆ! ಬಿಡಿಸಿ ಸಾಗಿಸಿದರೆ ಬಾಕ್ಸಿಗೆ 25ರಂತೆ 5,000 ರೂಪಾಯಿ ಕೈಗೆ ಬರುತ್ತದೆ. ಅಷ್ಟು ನಷ್ಟ ಕಡಿಮೆಯಾಯಿತು. ಧಾರಣೆ 50ಕ್ಕೆ ಇಳಿದರೆ ಮಾತ್ರ ಬಿಡಿಸಬೇಡಿ. ಆಗ ಬಾಕ್ಸಿಗೆ 5ರಂತೆ ಇನ್ನೂ 1,000 ರೂಪಾಯಿಯನ್ನು ಜೇಬಿನಿಂದ ಹಾಕಿದಂತಾಗುತ್ತದೆ. ಗಾಡಿ ಹತ್ತಿಸುವ ಮುಂಚೆ ಮಾರುಕಟ್ಟೆಗೆ ಫೋನು ಮಾಡಿ ಧಾರಣೆ ಕೇಳುವುದು ಇದಕ್ಕಾಗಿ.

ಮುಂದಿನ ಹಂಗಾಮಿನಲ್ಲಿ ಪುನಃ ಟೊಮೇಟೊ ನಾಟಿ ಮಾಡಬೇಕೇ ಎಂದು ಯೋಚಿಸುವಾಗ ಬಸ್ಸು ಇನ್ನೂ ಡಿಪೋದಲ್ಲಿದೆ. ಆಗ 55ರ ಲೆಕ್ಕ ಹಾಕಿದವನು ಮುಳುಗುತ್ತಾನೆ. ಆಗ ನೋಡತಕ್ಕದ್ದು ಪೂರ್ತಿ 175, ಮತ್ತು ‘ಮನೆಯದು’ ಕಲಮು. ನೆರೆಯವರಿಗೆ ಒಂದು ಸಲ ಒಳ್ಳೆಯ ಧಾರಣೆ ಸಿಕ್ಕಿತೆಂಬುದು ಈ ಲೆಕ್ಕದಲ್ಲಿ ಬರುವುದೇ ಇಲ್ಲ.

ಮಾರುಕಟ್ಟೆಯಿಂದ ಖಾಲಿ ಬರುವ ಟೆಂಪೋವನ್ನೂ ಖಾಲಿ ಸೀಟಿನಂತೆ ಕಾಣಿರಿ. ಬರುವಾಗ ಹಿಂಡಿ, ಬೂಸಾ, ಗೊಬ್ಬರವನ್ನು ನಾಲ್ಕು ಮನೆಯವರು ಸೇರಿ ತರಿಸಿಕೊಂಡರೆ ಬಾಡಿಗೆ ಹಂಚಿಹೋಗುತ್ತದೆ.

ಡ್ರೈವರರಿಂದ ಒಂದು ಮಾತು

ಡಿಪೋದಲ್ಲಿ ಬಸ್ಸು ಲೀಟರಿಗೆ ಎಷ್ಟು ಕಿಲೋಮೀಟರು ಓಡಿತೆಂದು ಲೆಕ್ಕವಿಡುತ್ತಾರೆ. ದೊಡ್ಡ ಬಸ್ಸು ಲೀಟರಿಗೆ ಓಡುವುದು ನಾಲ್ಕೈದು ಕಿಲೋಮೀಟರು ಮಾತ್ರ. ಆದ್ದರಿಂದ ಅರ್ಧ ಕಿಲೋಮೀಟರು ಇಳಿದರೂ ಬ್ರೇಕು ಹಿಡಿದುಕೊಂಡಿದೆಯೋ, ಟಯರಿನಲ್ಲಿ ಗಾಳಿ ಕಡಿಮೆಯೋ ಎಂದು ಹುಡುಕುತ್ತಾರೆ. ನೀವು ಬಾಡಿಗೆಗೆ ಕೊಡುವ ಟಿಲ್ಲರು, ಡೀಸೆಲ್ ಪಂಪುಗಳಿಗೂ ಲೀಟರಿಗೆ ಎಷ್ಟು ಹೊತ್ತು ಕೆಲಸವೆಂದು ಗುರುತು ಹಾಕಿಡಿ. ಯಂತ್ರ ಕೆಟ್ಟು ನಿಲ್ಲುವ ಮೊದಲೇ ಈ ಅಂಕಿ ಇಳಿಯುತ್ತದೆ.

ಕೊಪ್ಪದ ಸಂಗತಿ

ಕಂಡಕ್ಟರು, ಡ್ರೈವರುಗಳೇ ಮಾಲೀಕರಾದ ಕಥೆಯೂ ನಮ್ಮಲ್ಲಿದೆ. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪದಲ್ಲಿ ಖಾಸಗಿ ಬಸ್ಸಿನ ಕಂಪನಿಯೊಂದು ನಿಂತುಹೋದಾಗ ಅದರ ಕೆಲಸಗಾರರು 1991ರಲ್ಲಿ ಸಂಘ ಕಟ್ಟಿ ತಾವೇ ಬಸ್ಸು ಓಡಿಸಿದರು. ‘ಸಹಕಾರ ಸಾರಿಗೆ’ಯೆಂದು ಮಲೆನಾಡಿನ ಮನೆಮನೆಗೂ ಅದು ಗೊತ್ತು. ಕೆಲವೇ ಬಸ್ಸುಗಳಿದ್ದದ್ದು ಹತ್ತಾರಾದವು. ಸುಮಾರು ಮೂವತ್ತು ವರ್ಷ ನಡೆದು 2020ರಲ್ಲಿ ಅದೂ ನಿಂತಿತು. ಡೀಸೆಲ್ಲು, ಬಿಡಿಭಾಗ, ವಿಮೆಗಳ ಖರ್ಚು ಏರುತ್ತ ಹೋಗಿ, ಗಳಿಕೆ ಅದರ ಸಮಕ್ಕೆ ಬರಲಿಲ್ಲ.

ಇದನ್ನು ಹೇಳುವುದು ನಿಮ್ಮನ್ನು ಹೆದರಿಸುವುದಕ್ಕಲ್ಲ. ಮೂವತ್ತು ವರ್ಷ ನೂರಾರು ಮನೆಗಳ ಒಲೆ ಉರಿದದ್ದು ಸಣ್ಣ ಸಂಗತಿಯಲ್ಲ. ಆದರೆ ಈಗ ನಮ್ಮ ಕಡೆ ರೈತ ಉತ್ಪಾದಕ ಸಂಸ್ಥೆಗಳಿಗೆ ಷೇರು ಕಟ್ಟುತ್ತಿರುವವರು ಒಂದು ಮಾತು ಕೇಳಿರಬೇಕು. ಒಗ್ಗಟ್ಟು ಎಷ್ಟೇ ಇರಲಿ, ಕಿಲೋಮೀಟರಿನ ಲೆಕ್ಕ ತಪ್ಪಿದರೆ ಅದು ತಡೆಯಲಾರದು. ಸರ್ವಸದಸ್ಯರ ಸಭೆಯಲ್ಲಿ ಊಟವಾದ ಮೇಲೆ ಎದ್ದು ಬರಬೇಡಿ. ಕ್ವಿಂಟಾಲಿಗೆ ಎಷ್ಟು ಬಿತ್ತು, ಎಷ್ಟಕ್ಕೆ ಮಾರಿದಿರಿ ಎಂದು ಕೇಳಿ.

ಮನೆಯಲ್ಲಿ ಮಾಡಬೇಕಾದ ಲೆಕ್ಕ

ಮಕ್ಕಳ ನೋಟುಪುಸ್ತಕವೊಂದನ್ನು ತೆಗೆದುಕೊಂಡು ಪ್ರತಿ ಬೆಳೆಗೆ ಎರಡು ಪುಟ ಬಿಡಿ. ತಾರೀಖು, ಕೆಲಸ, ಕೊಟ್ಟ ಹಣ, ಮನೆಯದು, ಬಂದ ಹಣ ಎಂದು ಐದು ಗೆರೆ ಎಳೆಯಿರಿ. ಬಳಿಕ ಈ ಪ್ರಶ್ನೆಯನ್ನು ಮನೆಮಂದಿ ಕೂತು ಬಿಡಿಸಿ.

ಒಂದು ಹಸು ದಿನಕ್ಕೆ 8 ಲೀಟರು ಹಾಲು ಕೊಡುತ್ತದೆ. 2 ಲೀಟರು ಮನೆಗೆ, 6 ಲೀಟರು ಡೇರಿಗೆ, ಲೀಟರಿಗೆ 35 ರೂಪಾಯಿ. ಕೊಂಡ ಹಿಂಡಿ 4 ಕಿಲೋ, ಕಿಲೋಗೆ 25 ರೂಪಾಯಿ. ಹುಲ್ಲು ಸ್ವಂತ ಬದುವಿನದು. ತರುವುದಕ್ಕೂ ಹಾಲು ಕರೆಯುವುದಕ್ಕೂ ಮನೆಯಾಕೆಗೆ ದಿನಕ್ಕೆ 3 ಗಂಟೆ. ಸಗಣಿ ತಿಪ್ಪೆಗೆ. ಈ ಹಸು ಕೈಗೆ ಎಷ್ಟು ತರುತ್ತದೆ? ಮನೆಗಿಟ್ಟ ಹಾಲು ಮತ್ತು ಸಗಣಿಯನ್ನು ಯಾವ ಕಲಮಿನಲ್ಲಿ ಬರೆಯುತ್ತೀರಿ? 3 ಗಂಟೆಗೆ ನಿಮ್ಮೂರಿನ ಕೂಲಿ ಹಾಕಿದರೆ ಎಷ್ಟು ಉಳಿಯುತ್ತದೆ?

ಉತ್ತರವನ್ನು ಬರೆದು ಬರುವ ತಿಂಗಳ ಸಭೆಗೆ ತನ್ನಿ. ಎರಡು ಊರಿನ ಉತ್ತರ ಒಂದೇ ಆಗಬೇಕೆಂದಿಲ್ಲ. ಲೆಕ್ಕ ಬರೆದವರು ಮನೆಯಾಕೆಯಾಗಿದ್ದರೆ ಅವರೇ ಬಂದು ಓದಲಿ.