ಸ್ಲ್ಯಾಬಿನ ಲೆಕ್ಕ, ಬಡ್ಡಿಯ ಲೆಕ್ಕ

ಭಾರತೀನಗರದ ಸುತ್ತ ಕಬ್ಬು ಬೆಳೆಯುವವರಿಗೆ ಹದಿನಾಲ್ಕು ದಿನದ ಲೆಕ್ಕ ಬಾಯಿಪಾಠ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕಳಿಸಿದ ಹದಿನಾಲ್ಕು ದಿನದೊಳಗೆ ಕಾರ್ಖಾನೆ ಬಿಲ್ಲು ಕೊಡಬೇಕು. ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ. ಅದೇ ಮನೆಯವರು ಮಕ್ಕಳ ಕೆಲಸಕ್ಕೆಂದು ಬೆಂಗಳೂರಿನ ಬಹುಮಹಡಿಯೊಂದರಲ್ಲಿ ಫ್ಲ್ಯಾಟ್ ಬುಕ್ ಮಾಡುತ್ತಾರೆ. ಇಲ್ಲಿ ದುಡ್ಡು ಮೊದಲು, ಸರಕು ಆಮೇಲೆ. ಸರಕು ತಡವಾದರೆ ಬಡ್ಡಿ ಎಷ್ಟು ಎಂದು ಕೇಳಿ ನೋಡಿ, ಹೇಳುವವರು ಕಡಿಮೆ.

ಈ ಅಂಕಣಕಾರನದೂ ಅಂಥದ್ದೇ ಮನೆ. ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣದಿಂದ ಸ್ವಲ್ಪ ಒಳಗೆ ಏಳುತ್ತಿದ್ದ ಗೋಪುರದಲ್ಲಿ ಅಣ್ಣತಮ್ಮಂದಿರು ಸೇರಿ 60 ಲಕ್ಷ ರೂಪಾಯಿಗೆ ಒಂದು ಫ್ಲ್ಯಾಟ್ ಹಿಡಿದರು. 18 ಲಕ್ಷ ಕೈಯಿಂದ, 42 ಲಕ್ಷ ಬ್ಯಾಂಕಿನಿಂದ. ಕಟ್ಟಡ ಮುಗಿದು ಸ್ವಾಧೀನಾನುಭವ ಪತ್ರ, ಅಂದರೆ ಓಸಿ ಬಂದ ಮೇಲೆ ಕೊಂಡಿದ್ದರೆ ಜಿಎಸ್‌ಟಿ ಇರುತ್ತಿರಲಿಲ್ಲ. ಕಟ್ಟುವಾಗಲೇ ಕೊಂಡಿದ್ದರಿಂದ 2019ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಶೇ 5ರ ದರದಲ್ಲಿ 3 ಲಕ್ಷ ಹೆಚ್ಚಾಯಿತು. ಬೆಲೆ 50 ಲಕ್ಷ ದಾಟಿದ್ದರಿಂದ ಶೇ 1ರಷ್ಟು, ಅಂದರೆ 60 ಸಾವಿರವನ್ನು, ಬಿಲ್ಡರ್‌ಗೆ ಕೊಡುವ ಹಣದಲ್ಲೇ ಹಿಡಿದು ಟಿಡಿಎಸ್ ಆಗಿ ಕಟ್ಟುವುದೂ ಕೊಳ್ಳುವವರ ಹೊಣೆ.

ಊರಿಗೂ ಬೆಂಗಳೂರಿಗೂ ಓಡಾಡುವಾಗೆಲ್ಲ ಅಂಕಣಕಾರ ಗೋಪುರದ ಫೋಟೊ ತೆಗೆದು ಮನೆಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಿದ್ದ. ಮೈವಾನ್ ಎಂದು ಕರೆಯುವ ಅಲ್ಯೂಮಿನಿಯಂ ಶಟರಿಂಗ್ ಬಂದ ಮೇಲೆ ಕೆಲಸ ಸಲೀಸಾಗಿ ನಡೆದರೆ ವಾರ, ಹತ್ತು ದಿನಕ್ಕೊಂದು ಸ್ಲ್ಯಾಬ್ ಬೀಳುತ್ತದೆ. ನೋಡನೋಡುತ್ತ ಕಟ್ಟಡ ಮುಗಿಲಿಗೆ ಏರಿತು. ಊರಿನಲ್ಲಿ ಎಲ್ಲರಿಗೂ ಸಂತೋಷ. ಒಮ್ಮೆ ಜೊತೆಗೆ ಬಂದ ಅಪ್ಪ ಮಾತ್ರ ಕೆಳಗೆ ನಿಂತು ಕತ್ತೆತ್ತಿ ನೋಡಿ, “ಏನ್ಲಾ ಇದು, ತಾರಸಿ ಮ್ಯಾಲೆ ತಾರಸಿ ಹಾಕವ್ರೆ. ನಲ್ಲಿ ಎಲ್ಲೈತೆ?” ಎಂದರು.

ಅಪ್ಪನ ಪ್ರಶ್ನೆಗೆ ಉತ್ತರ ಇದ್ದದ್ದು ಕರಾರುಪತ್ರದ ಪಾವತಿ ಪಟ್ಟಿಯಲ್ಲಿ. ಕರಾರಿನ ಹೊತ್ತಿಗೆ ಶೇ 20, ಅಡಿಪಾಯಕ್ಕೆ ಶೇ 10, ಸ್ಲ್ಯಾಬುಗಳಿಗೆ ಒಟ್ಟು ಶೇ 55, ಪ್ಲಾಸ್ಟರಿಂಗ್ ಮತ್ತು ಟೈಲ್ಸ್‌ಗೆ ಶೇ 10, ಕೀಲಿ ಕೊಡುವಾಗ ಶೇ 5. ಅಂದರೆ ಕೊನೆಯ ತಾರಸಿ ಬೀಳುವಾಗಲೇ 60 ಲಕ್ಷದಲ್ಲಿ 51 ಲಕ್ಷ ಬಿಲ್ಡರ್ ಕೈ ಸೇರಿರುತ್ತದೆ. ಲಿಫ್ಟು, ನೀರಿನ ಪೈಪು, ವೈರಿಂಗ್, ಬೆಂಕಿ ಆರಿಸುವ ಪಂಪು, ಟ್ರಾನ್ಸ್‌ಫಾರ್ಮರ್, ಕೊಳಚೆ ನೀರು ಶುದ್ಧೀಕರಿಸುವ ಘಟಕ, ಬಣ್ಣ, ಇವೆಲ್ಲ ಬಾಕಿ. ರಸ್ತೆಯಿಂದ ಕಾಣುವ ಕೆಲಸ ಬೇಗ ಆಗುತ್ತದೆ, ಅದಕ್ಕೇ ಹಣವೂ ಹೆಚ್ಚು ಹೋಗುತ್ತದೆ. ತಿಂಗಳುಗಟ್ಟಲೆ ಎಳೆಯುವುದು ಒಳಗಿನ ಕೆಲಸ.

ಅಷ್ಟು ಹೊತ್ತಿಗೆ ಬ್ಯಾಂಕ್ ಕೊಟ್ಟಿದ್ದು 33 ಲಕ್ಷ. ಶೇ 8.5ರ ದರದಲ್ಲಿ ತಿಂಗಳಿಗೆ 23,375 ರೂಪಾಯಿ ಬರೀ ಬಡ್ಡಿ. ಅಸಲು ಒಂದು ಪೈಸೆಯೂ ಇಳಿಯುವುದಿಲ್ಲ. ಇರುವ ಬಾಡಿಗೆ ಮನೆಯ ಖರ್ಚು ಬೇರೆ. ಕಟ್ಟಡ ಒಂದು ತಿಂಗಳು ನಿಂತರೆ ಈ ಮನೆಗೆ ಬೀಳುವ ದಂಡ ಅಷ್ಟು.

ಫೋಟೊ ಬಿಟ್ಟು ಕಾಗದ ನೋಡಬೇಕಾದದ್ದು ಇಲ್ಲಿಯೇ. 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ಅಂದರೆ ರೇರಾ ಪ್ರಕಾರ ಖರೀದಿದಾರರಿಂದ ಪಡೆದ ಹಣದ ಶೇ 70ರಷ್ಟನ್ನು ಬಿಲ್ಡರ್ ಪ್ರತ್ಯೇಕ ಖಾತೆಯಲ್ಲಿಡಬೇಕು. ಎಂಜಿನಿಯರ್, ಆರ್ಕಿಟೆಕ್ಟ್ ಮತ್ತು ಲೆಕ್ಕ ಪರಿಶೋಧಕರು ಮೂವರೂ ಇಷ್ಟು ಕೆಲಸ ಆಗಿದೆ ಎಂದು ಪ್ರಮಾಣಪತ್ರ ಕೊಟ್ಟ ಮೇಲೆಯೇ, ಆದ ಕೆಲಸದ ಪ್ರಮಾಣದಷ್ಟು ಹಣ ತೆಗೆಯಬಹುದು. ಮೂರು ತಿಂಗಳಿಗೊಮ್ಮೆ ಪ್ರಗತಿ ವರದಿಯನ್ನು ರೇರಾ ಜಾಲತಾಣಕ್ಕೆ ಏರಿಸಬೇಕು. ಯೋಜನೆಯ ನೋಂದಣಿ ಸಂಖ್ಯೆ ಗೊತ್ತಿದ್ದರೆ ಭಾರತೀನಗರದಲ್ಲಿ ಕೂತೇ ನೋಡಬಹುದು, ಕಾಸು ಖರ್ಚಿಲ್ಲ.

ಅಂಕಣಕಾರನಿಗೆ ಅದು ನೇರವಾಗಿ ಉಪಯೋಗಕ್ಕೆ ಬಂತು. ಪ್ಲಾಸ್ಟರಿಂಗ್ ಹಂತ ಮುಗಿದಿದೆ ಎಂದು ಹಣ ಕೇಳಿ ಬಿಲ್ಡರ್ ಕಡೆಯಿಂದ ಡಿಮ್ಯಾಂಡ್ ನೋಟಿಸ್ ಬಂದಾಗ, ಮೇಲಿನ ಕೆಲವು ಮಹಡಿಗಳಲ್ಲಿ ಒಳಗೋಡೆಯೇ ಎದ್ದಿರಲಿಲ್ಲ. ಜಗಳಕ್ಕೆ ಹೋಗದೆ ಎಂಜಿನಿಯರ್ ಪ್ರಮಾಣಪತ್ರ ಕೊಡಿ ಎಂದು ಇ–ಮೇಲ್ ಬರೆದು, ಅದರ ಪ್ರತಿಯನ್ನು ಬ್ಯಾಂಕಿಗೂ ಕಳಿಸಿದ. ಬ್ಯಾಂಕಿನ ಎಂಜಿನಿಯರ್ ಹೋಗಿ ನೋಡಿ ಬಂದರು, ಕಂತು ತಡೆಹಿಡಿದರು. ಕೆಲವು ತಿಂಗಳ ನಂತರ, ಕೆಲಸ ನಿಜವಾಗಿಯೂ ಆದ ಮೇಲೆ, ಹೊಸ ನೋಟಿಸ್ ಬಂತು. ತಡೆದ 6 ಲಕ್ಷಕ್ಕೆ ತಿಂಗಳಿಗೆ 4,250 ರೂಪಾಯಿ ಬಡ್ಡಿ ಉಳಿಯಿತು.

ಇನ್ನು ತಡವಾದಾಗಿನ ಬಡ್ಡಿ. ಬೆಂಗಳೂರಿನ ಬಿಟಿಎಂ ಬಡಾವಣೆಯ ಆಚೆ ಡಿಎಲ್‌ಎಫ್ ಸಮೂಹದ ಕಂಪನಿ ಕಟ್ಟಿದ ವೆಸ್ಟೆಂಡ್ ಹೈಟ್ಸ್ ಎಂಬ ವಸತಿ ಸಮುಚ್ಚಯದಲ್ಲಿ 19 ಗೋಪುರಗಳು, 1,980 ಫ್ಲ್ಯಾಟುಗಳು. ಕರಾರಾದ 36 ತಿಂಗಳಲ್ಲಿ ಮನೆ ಕೊಡುವ ಮಾತಿತ್ತು, ವರ್ಷಗಳೇ ತಡವಾಯಿತು. ತಡಕ್ಕೆ ಕರಾರಿನಲ್ಲಿದ್ದ ಪರಿಹಾರ ಚದರಡಿಗೆ ತಿಂಗಳಿಗೆ 5 ರೂಪಾಯಿ. 1,300 ಚದರಡಿಯ ಮನೆಗೆ ಲೆಕ್ಕ ಹಾಕಿದರೆ 6,500 ರೂಪಾಯಿ. ಖರೀದಿದಾರರು ಸುಪ್ರೀಂ ಕೋರ್ಟ್‌ವರೆಗೂ ಹೋದರು. ಅಷ್ಟಕ್ಕೇ ಸುಮ್ಮನಿರಬೇಕೆಂಬ ವಾದವನ್ನು ಒಪ್ಪದ ಕೋರ್ಟು 2020ರ ಆಗಸ್ಟ್ 24ರಂದು, ಆ ಪರಿಹಾರದ ಜೊತೆಗೆ, ಕಟ್ಟಿದ ಹಣಕ್ಕೆ ವರ್ಷಕ್ಕೆ ಶೇ 6ರ ಬಡ್ಡಿಯನ್ನೂ ಕೊಡಿ ಎಂದಿತು.

ಹೊಸ ಕರಾರುಗಳಿಗೆ ಈಗ ರೇರಾ ಇದೆ. ಕರ್ನಾಟಕದ 2017ರ ನಿಯಮಗಳಲ್ಲಿ ಬಡ್ಡಿ ದರ ಎಸ್‌ಬಿಐನ ಎಂಸಿಎಲ್‌ಆರ್, ಅಂದರೆ ಸಾಲದ ಮೂಲ ದರದ ಮೇಲೆ ಶೇ 2. ಎಂಸಿಎಲ್‌ಆರ್ ಶೇ 9 ಎಂದು ಹಿಡಿದರೆ ಒಟ್ಟು ಶೇ 11. 51 ಲಕ್ಷಕ್ಕೆ ತಿಂಗಳಿಗೆ 46,750 ರೂಪಾಯಿ. ಮನೆಯೇ ಬೇಡವೆಂದರೆ ಕಟ್ಟಿದ ಹಣವನ್ನು ಬಡ್ಡಿ ಸಮೇತ ವಾಪಸು ಕೇಳಬಹುದು. ಎರಡಕ್ಕೂ ಆಧಾರ ಕರಾರಿನಲ್ಲಿ ಬರೆದಿರುವ ಹಸ್ತಾಂತರದ ದಿನಾಂಕ. ಮಾರಾಟ ಕಚೇರಿಯಲ್ಲಿ ಬಾಯಿಮಾತಿಗೆ ಹೇಳಿದ ತಿಂಗಳಿಗೆ ಬೆಲೆಯಿಲ್ಲ.

ಆದಾಯ ತೆರಿಗೆಯಲ್ಲೂ ಒಂದು ಗಡುವಿದೆ. ಹಳೆಯ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ಸಾಲದ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ ವಿನಾಯಿತಿ. ಸಾಲ ಪಡೆದ ಆರ್ಥಿಕ ವರ್ಷ ಮುಗಿದ ಮೇಲೆ ಐದು ವರ್ಷದೊಳಗೆ ಕಟ್ಟಡ ಮುಗಿಯದಿದ್ದರೆ ಅದು 30 ಸಾವಿರಕ್ಕೆ ಇಳಿಯುತ್ತದೆ. ಮನೆ ಸಿಗುವ ಮುನ್ನ ಕಟ್ಟಿದ ಬಡ್ಡಿಯನ್ನೂ ಐದು ಸಮ ಕಂತಿನಲ್ಲಿ ಇದೇ ಮಿತಿಯೊಳಗೆ ತೋರಿಸಬೇಕು.

ಸದ್ಯ ಗೋಪುರಕ್ಕೆ ಬಣ್ಣ ಬಿದ್ದಿದೆ, ಲಿಫ್ಟು ಓಡುತ್ತಿದೆ, ಬಂದು ಕೀಲಿ ತಗೊಳ್ಳಿ ಎಂದು ಬಿಲ್ಡರ್ ಕಡೆಯವರ ಫೋನು ಬರುತ್ತಿದೆ. ಅಗ್ನಿಶಾಮಕ ಇಲಾಖೆಯ ಅನುಮತಿ ಮತ್ತು ಓಸಿ ಇನ್ನೂ ಬಂದಿಲ್ಲ. ಓಸಿ ಇಲ್ಲದ ಕಟ್ಟಡಕ್ಕೆ ನೀರು, ವಿದ್ಯುತ್ ಸಂಪರ್ಕ ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರಂದು ಹೇಳಿದ ಮೇಲೆ ಬೆಂಗಳೂರಿನಲ್ಲಿ ಮನೆ ಮುಗಿದರೂ ಮೀಟರ್ ಸಿಗದೆ ಪರದಾಡಿದವರು ಬಹಳ. ಆದ್ದರಿಂದ ಈ ಮನೆಯವರು ಗೃಹಪ್ರವೇಶಕ್ಕೆ ಇನ್ನೂ ದಿನ ನೋಡಿಸಿಲ್ಲ. ಕೊನೆಯ ಶೇ 5, ಅಂದರೆ 3 ಲಕ್ಷ ರೂಪಾಯಿ, ಬ್ಯಾಂಕಿನಲ್ಲೇ ಇದೆ.