ಶೈಶವವೆಂಬ ಮಾತಿನ ಅರ್ಥಗಳು

ಶೈಶವವೆಂಬ ಮಾತನ್ನು ನಾವು ಎರಡು ವಿಧವಾಗಿ ಪ್ರಯೋಗಿಸುತ್ತೇವೆ. ಕೂಸಿನ ಮೊದಲ ವರುಷಗಳಿಗೆ ಈ ಹೆಸರುಂಟು. ಯಾವದೊಂದು ಕಾರ್ಯದ ಆರಂಭದೆಸೆಗೂ ಇದೇ ಹೆಸರುಂಟು. ಇವೆರಡಕ್ಕೂ ಇರುವ ಸಂಬಂಧವನ್ನು ಈ ಪಾಠದಲ್ಲಿ ವಿಚಾರಿಸೋಣ.

೧. ಮಾತಿನ ಮೂಲ. ಶೈಶವವೆಂಬದು ಶಿಶು ಎಂಬ ಸಂಸ್ಕೃತ ಶಬ್ದದಿಂದ ಬಂದದ್ದು. ಲತೀನ್ ಭಾಷೆಯವರು ಶಿಶುವನ್ನು ಇನ್‌ಫಾನ್ಸ್ ಎಂದು ಕರೆದರು. ಮಾತನಾಡದವನು ಎಂದು ಅದರ ಅರ್ಥ. ಕನ್ನಡದ ಹಸುಗೂಸು, ಹಸುಳೆ ಎಂಬ ಮಾತುಗಳಾದರೋ ಹಸಿ, ಹಸಿರು ಎಂಬವುಗಳ ಒಡಹುಟ್ಟಿದವು. ಲತೀನಿನವರು ಕೂಸಿನಲ್ಲಿ ಇಲ್ಲದ್ದನ್ನು ಕಂಡು ಹೆಸರಿಟ್ಟರು. ನಮ್ಮ ಹಿರಿಯರು ಅದರಲ್ಲಿರುವ ಎಳೆತನವನ್ನು ಕಂಡು ಹೆಸರಿಟ್ಟರು.

೨. ಭಾಷೆಯ ಶೈಶವ. ನಮ್ಮ ಹಾಸನ ಜಿಲ್ಲೆಯ ಬೇಲೂರು ತಾಲೂಕಿಗೆ ಸೇರಿದ ಹಲ್ಮಿಡಿಯ ಶಾಸನವನ್ನು ೧೯೩೬ರಲ್ಲಿ ಡಾಕ್ಟರ್ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದರು. ಅದು ಸುಮಾರು ಕ್ರಿ. ಶ. ೪೫೦ರದೆಂದು ಪಂಡಿತರು ಎಣಿಸುವರು. ಬಹುಕಾಲ ಅದೇ ಮೊದಲನೆಯ ಕನ್ನಡ ಶಾಸನವೆನಿಸಿತ್ತು. ತಾಳಗುಂದದ ಶಾಸನವೊಂದು ಅದಕ್ಕಿಂತಲೂ ಹಳೆಯದೆಂದು ಈಗ ಹೇಳಲ್ಪಡುತ್ತದೆ. ಹಲ್ಮಿಡಿಯ ಹದಿನಾರು ಸಾಲುಗಳಲ್ಲಿ ಸಂಸ್ಕೃತ ಪದಗಳು ತುಂಬಿರುವವು. ಬರಹದ ಕನ್ನಡವು ಕೂಸಿನಂತೆ ಹಿರಿಯರ ಮಾತುಗಳನ್ನು ಹಿಡಿದುಕೊಂಡು ನುಡಿಯಿತು. ಆದರೂ ಆ ಕಲ್ಲನ್ನು ಕೆತ್ತುವದಕ್ಕೆ ಬಹು ಮುಂಚೆಯೇ ಜನರು ಕನ್ನಡವನ್ನಾಡುತ್ತಿದ್ದರು. ಬರಹ ಸಿಕ್ಕಲಿಲ್ಲವೆಂದು ಆ ಕಾಲದಲ್ಲಿ ಭಾಷೆಯೇ ಇರಲಿಲ್ಲವೆನ್ನಬಹುದೋ?

೩. ಕೂಸಿನ ಶೈಶವ. ಇದರಂತೆಯೇ, ಮಾತು ಹೊರಡದಿದ್ದರಿಂದ ಕೂಸಿಗೆ ಏನೂ ತಿಳಿಯದೆಂದು ಭಾವಿಸಬಾರದು. ಹುಟ್ಟಿದ ಕೆಲವೇ ದಿನಗಳಲ್ಲಿ ಅದು ತಾಯಿಯ ದನಿಯನ್ನು ಬೇರೆಯವರ ದನಿಯಿಂದ ಗುರುತಿಸುವದು. ಮೊದಲನೆಯ ವರುಷದಲ್ಲಿ ಅದರ ಮೆದುಳು ಹೆಚ್ಚುಕಡಿಮೆ ಇಮ್ಮಡಿಯಾಗುವದು. ಮನೆಯವರು ಆಡುವ ಮಾತುಗಳೆಲ್ಲಾ ಕಿವಿಗೆ ಬಿದ್ದ ಮೇಲೆಯೇ ಅದರ ಬಾಯಿಂದ ಮೊದಲನೆಯ ಮಾತು ಹೊರಡುವದು.

೪. ನಮ್ಮ ಕರ್ತವ್ಯ. ಸಾಲಗಾಮೆಯ ಕಡೆಯ ಒಕ್ಕಲಿಗನು ರಾಗಿಯ ಪೈರು ಎಳೆಯದಾಗಿರುವಾಗಲೇ ಎಡೆಕುಂಟೆ ಹೊಡೆದು ಕಳೆ ತೆಗೆಯುವನು. ತೆನೆ ಕಾಣಲಿ ನೋಡೋಣವೆಂದು ಕಾದುಕೊಂಡಿರುವದಿಲ್ಲ. ಮನೆಯ ಹಸುಗೂಸಿನ ವಿಷಯದಲ್ಲಿ ಮಾತ್ರ ಈ ವಿವೇಕವನ್ನು ಮರೆಯಬಹುದೋ? ಹೆರಿಗೆಯಾದ ಕೂಡಲೇ ಬರುವ ಹಳದಿ ಬಣ್ಣದ ಮೊದಲ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲುವ ರೂಢಿಯು ಕೆಲವು ಮನೆಗಳಲ್ಲಿ ಉಂಟು. ರೋಗವನ್ನು ತಡೆಯುವ ಶಕ್ತಿ ಆ ಹಾಲಿನಲ್ಲಿಯೇ ಅಧಿಕ. ಆದಕಾರಣ ಹುಟ್ಟಿದ ಒಂದು ಗಂಟೆಯೊಳಗೆ ಅದನ್ನು ಕೂಸಿಗೆ ಉಣಿಸತಕ್ಕದ್ದು. ಆರು ತಿಂಗಳ ವರೆಗೆ ಜೇನು, ಸಕ್ಕರೆನೀರು ಮುಂತಾದವನ್ನು ಕೊಡದೆ ತಾಯಿಯ ಹಾಲೊಂದನ್ನೇ ಕೊಡತಕ್ಕದ್ದು. ಚುಚ್ಚುಮದ್ದುಗಳನ್ನು ತಪ್ಪದೆ ಹಾಕಿಸಬೇಕು. ಆರು ವರುಷದೊಳಗಿನ ಮಕ್ಕಳಿಗೋಸ್ಕರ ೧೯೭೫ನೆಯ ಅಕ್ಟೋಬರ್ ೨ರಂದು ಆರಂಭವಾದ ಯೋಜನೆಯಿಂದ ಹಳ್ಳಿಹಳ್ಳಿಗೂ ಬಂದ ಅಂಗನವಾಡಿಯನ್ನು ಅಲಕ್ಷ್ಯ ಮಾಡಬಾರದು.

ಕಾಸು ಖರ್ಚಿಲ್ಲದ ಇನ್ನೊಂದು ಕೆಲಸವುಂಟು. ಕೂಸನ್ನು ಎತ್ತಿಕೊಂಡಾಗ ಅದರ ಸಂಗಡ ಮಾತನಾಡಿರಿ. ಉತ್ತರ ಬಾರದಿದ್ದರೂ ಅದು ಕೇಳುತ್ತಲೇ ಇರುವದು.